ಸೋತವರು ಕಾಫಿ ಮಾಡಬೇಕು

ದೇವರು ಇದ್ದಾನೋ ಇಲ್ಲವೋ ಎಂಬ ವಿಷಯದಲ್ಲಿ ನಾನು ಹದಿಮೂರನೆಯ ವಯಸ್ಸಿನಿಂದಲೇ ತೀರ್ಪು ಕೊಡುತ್ತ ಬಂದವನು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬಸವನಗುಡಿಯ ದೊಡ್ಡಪ್ಪನ ಮನೆಯಲ್ಲಿ ವಾದಿ ಒಬ್ಬರು, ಪ್ರತಿವಾದಿ ಒಬ್ಬರು, ಮಿಕ್ಕವನು ನಾನೊಬ್ಬ. ಹೀಗಾಗಿ ನ್ಯಾಯಪೀಠ, ಎಂದರೆ ಅಡುಗೆಮನೆಯ ಹೊಸಿಲ ಪಕ್ಕದ ಹಲಸಿನ ಮಣೆ, ತಾನಾಗಿ ನನ್ನ ಪಾಲಿಗೆ ಬಂತು. ಅಪ್ಪನಿಗೆ ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಓದಿಗೆಂದು ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮನ ಬಳಿ ಬಿಟ್ಟಿದ್ದರು. ಓದಿಗಿಂತ ಹೆಚ್ಚಾಗಿ ನಾನು ಅಲ್ಲಿ ಕಲಿತದ್ದು ವಾದ ಕೇಳುವುದನ್ನು.

ವಾದ ನಡೆಯುತ್ತಿದ್ದುದು ಭಾನುವಾರ, ಮಧ್ಯಾಹ್ನದ ಸಣ್ಣ ನಿದ್ದೆ ಮುಗಿದ ಮೇಲೆ. ದೊಡ್ಡಪ್ಪ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ದೇವರಿಲ್ಲ ಎನ್ನುವ ಪಕ್ಷ. ದೊಡ್ಡಮ್ಮ ಲೋವರ್ ಸೆಕೆಂಡರಿವರೆಗೆ ಓದಿದವರು, ಹೂಬತ್ತಿ ಹೊಸೆಯುತ್ತಲೇ ವಾದ ಮಾಡುತ್ತಿದ್ದರು. ಮೂರು ಗಂಟೆಗೆ ತೀರ್ಪು. ಸೋತವರು ಎದ್ದು ಕಾಫಿ ಮಾಡಬೇಕು. ಇದು ನಿಯಮ.

ಇಲ್ಲೊಂದು ತೊಡಕಿತ್ತು. ದೊಡ್ಡಪ್ಪನ ಕಾಫಿ ಕುಡಿಯಲಾಗುತ್ತಿರಲಿಲ್ಲ. ಅವರು ಡಿಕಾಕ್ಷನ್ ಇಳಿಯುವ ತನಕ ಕಾಯುವವರಲ್ಲ. ಫಿಲ್ಟರಿನ ತಲೆ ತಟ್ಟಿ, ಬಿಸಿನೀರು ಮತ್ತೆ ಮತ್ತೆ ಹೊಯ್ದು, ಅದನ್ನು ಅವಸರದಿಂದ ಇಳಿಸುತ್ತಿದ್ದರು. ಕಾಫಿ ಕೆರೆಯ ನೀರಿನ ಬಣ್ಣಕ್ಕೆ ಬರುತ್ತಿತ್ತು. ದೊಡ್ಡಮ್ಮನ ಕಾಫಿಯೋ, ಗಾಂಧಿ ಬಜಾರಿನಲ್ಲಿ ಕಣ್ಣೆದುರಿಗೇ ಪುಡಿ ಮಾಡಿಸಿ ತಂದದ್ದು. ಅದರ ಪರಿಮಳ ನಡುಮನೆ ದಾಟಿ ಬೀದಿಬಾಗಿಲಿಗೆ ಬರುತ್ತಿತ್ತು. ದೇವರು ಇದ್ದಾನೆ ಎಂದು ನಾನು ತೀರ್ಪು ಕೊಟ್ಟರೆ ದೊಡ್ಡಪ್ಪನ ಕಾಫಿ ಕುಡಿಯಬೇಕು. ಹೀಗಾಗಿ ನಮ್ಮ ಮನೆಯಲ್ಲಿ ದೇವರಿಲ್ಲವೆಂದು ಸಾಬೀತಾದ ಭಾನುವಾರಗಳೇ ಹೆಚ್ಚು. ತೀರ್ಪು ಹೊರಬಿದ್ದ ಕೂಡಲೇ ದೊಡ್ಡಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನಕ್ಕು, "ನ್ಯಾಯಾಧೀಶರ ನಾಲಗೆ ಎತ್ತ ಕಡೆಗಿದೆ ಅಂತ ನಂಗೊತ್ತಿಲ್ವೇ" ಎಂದು ಸೆರಗು ಸಿಕ್ಕಿಸಿಕೊಂಡು ಏಳುತ್ತಿದ್ದರು. ಆಮೇಲೆ ಎಷ್ಟೋ ಪಂಡಿತರ ವಾದ ಕೇಳಿದ್ದೇನೆ. ಆಸ್ತಿಕರಿರಲಿ ನಾಸ್ತಿಕರಿರಲಿ, ಅವರ ಮಾತಿನ ಹಿಂದೆ ಎಲ್ಲೋ ಇಂಥದೇ ಒಂದು ಕಾಫಿ ಇರಬಹುದೆಂಬ ಗುಮಾನಿ ನನ್ನನ್ನು ಬಿಟ್ಟಿಲ್ಲ.

ದೊಡ್ಡಪ್ಪನಿಗೆ ಗುರುವೆಂದರೆ ಎಚ್. ನರಸಿಂಹಯ್ಯನವರು. ಅಮೆರಿಕದ ಓಹಾಯೊಗೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದೂ ಖಾದಿ ಬಟ್ಟೆ, ಗಾಂಧಿ ಟೋಪಿ ಬಿಡದೆ, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬಾಳಿದ ಮೇಷ್ಟ್ರು ಅವರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸವೆಂದರೆ ದೊಡ್ಡಪ್ಪ ಮಳೆಯಿರಲಿ ಚಳಿಯಿರಲಿ ಕೊಡೆ ಹಿಡಿದು ಹೊರಟೇಬಿಡುತ್ತಿದ್ದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಎಚ್ಚೆನ್ ಅವರು ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವುದಕ್ಕೆ ಒಂದು ಸಮಿತಿಯನ್ನೇ ನೇಮಿಸಿದರು. ಊರಿಗೆ ಊರೇ ಎರಡು ಪಕ್ಷವಾಯಿತು. ನಮ್ಮ ಮನೆ ಮೊದಲೇ ಆಗಿತ್ತಾದ್ದರಿಂದ ನಮಗೆ ಹೊಸದಾಗಿ ಏನೂ ತೊಂದರೆಯಾಗಲಿಲ್ಲ. ಸೋಜಿಗವೆಂದರೆ ದೊಡ್ಡಮ್ಮನಿಗೆ ಎಚ್ಚೆನ್ ಅವರ ಮೇಲೆ ಬಹಳ ಗೌರವ. "ಅವರು ಸನ್ಯಾಸಿ ಕಣೋ. ದೇವರನ್ನ ನಂಬದ ಸನ್ಯಾಸಿ, ಅಷ್ಟೆ. ನಂಬೋ ಸನ್ಯಾಸಿಗಳನ್ನ ಬೇಕಾದಷ್ಟು ನೋಡಿದೀನಿ, ಕಾರಿಲ್ದೆ ಹೊರಡಲ್ಲ" ಎನ್ನುತ್ತಿದ್ದರು.

ದೊಡ್ಡಮ್ಮನ ದೇವರು ಇನ್ನೊಂದು ಬಗೆ. ಅವನೊಂದಿಗೆ ಅವರಿಗೆ ಸಲಿಗೆ ಜಾಸ್ತಿ, ಭಯ ಕಡಿಮೆ. ಸೀಮೆಎಣ್ಣೆ ಸಿಕ್ಕದ ದಿನ, ಹಾಲು ಒಡೆದ ದಿನ, ನನಗೆ ಲೆಕ್ಕದಲ್ಲಿ ಹದಿನೆಂಟು ನಂಬರು ಬಂದ ದಿನ, ದೇವರ ಗೂಡಿನ ಮುಂದೆ ನಿಂತು "ನಿನಗೆ ಕಣ್ಣು ಕಾಣುತ್ತೋ ಇಲ್ವೋ" ಎಂದು ಗದರಿಸುತ್ತಿದ್ದರು. ಮೆಚ್ಚಿಗೆಯ ಮಾತೂ ಹಾಗೆಯೇ: "ಪರವಾಗಿಲ್ಲ, ಇವತ್ತು ಎಚ್ಚರವಾಗಿದ್ದೀಯ." ಹಾಲಿನವನ ಲೆಕ್ಕ, ಅಗಸರವಳ ಲೆಕ್ಕ, ದೇವರ ಲೆಕ್ಕ, ಮೂರನ್ನೂ ಒಂದೇ ಮನಸ್ಸಿನಿಂದ ಇಟ್ಟವರು. ಹೊತ್ತ ಹರಕೆ ಒಂದು ದಿನ ತಡವಾಗದಂತೆ ತೀರಿಸುತ್ತಿದ್ದರು. ಅತ್ತ ಕಡೆಯಿಂದಲೂ ಅಷ್ಟೇ ಕಟ್ಟುನಿಟ್ಟನ್ನು ನಿರೀಕ್ಷಿಸುತ್ತಿದ್ದರು.

ಅವರನ್ನು ವಾದದಲ್ಲಿ ಹಿಡಿಯುವುದು ಸುಲಭವಿರಲಿಲ್ಲ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ರೈತರ ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ಆಮೇಲೆ ಗುಡಿ ಕಟ್ಟಿ, ವರ್ಷದ ಮೊದಲ ಬೆಳೆ ಒಪ್ಪಿಸುತ್ತ ಬಂದರೆಂಬುದು ಅಲ್ಲಿಯ ಕಥೆ. ಒಂದು ವರ್ಷ ಪರಿಷೆಯ ಕಡಲೆಕಾಯಿಯನ್ನೇ ಸುಲಿದು ಬಾಯಿಗೆಸೆದುಕೊಳ್ಳುತ್ತ ದೊಡ್ಡಪ್ಪ ಬಾಣ ಬಿಟ್ಟರು. "ಕಡಲೆಕಾಯಿ ದಕ್ಷಿಣ ಅಮೆರಿಕದ್ದು ಕಣೇ. ಹಡಗು ಹತ್ತಿ ಇಲ್ಲಿಗೆ ಬಂದು ಕೆಲವು ಶತಮಾನ ಆಯ್ತು, ಅಷ್ಟೆ. ಅದಕ್ಕೆ ಮುಂಚೆ ನಿನ್ನ ಬಸವ ಏನು ತಿಂತಿದ್ದ?" ದೊಡ್ಡಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಅದಕ್ಕೇ ಅಲ್ವೇ ಪಾಪ, ಹಾಗೆ ಮುಗಿಬಿದ್ದು ತಿಂದಿದ್ದು. ಅಷ್ಟು ಕಾಲ ಸಿಕ್ಕೇ ಇರಲಿಲ್ಲ." ಆ ದಿನ ನ್ಯಾಯಪೀಠಕ್ಕೆ ಬೇರೆ ದಾರಿ ಇರಲಿಲ್ಲ. ಕೆರೆಯ ನೀರು ಕುಡಿದೆವು.

1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣ. ಪೂರ್ಣ ನೆರಳಿನ ಪಟ್ಟಿ ಅಂಕೋಲೆಯ ಕಡಲತೀರದಲ್ಲಿ ನಾಡಿಗೆ ಕಾಲಿಟ್ಟು, ಹುಬ್ಬಳ್ಳಿ, ರಾಯಚೂರು ಹಾದು ಹೋಗುತ್ತದೆಂದು ತಿಂಗಳ ಮುಂಚೆಯೇ ಲೆಕ್ಕ ಹಾಕಿದ್ದ ದೊಡ್ಡಪ್ಪ ಹಿಂದಿನ ರಾತ್ರಿಯೇ ಹುಬ್ಬಳ್ಳಿಯ ರೈಲು ಹತ್ತಿದರು. ಇತ್ತ ದೊಡ್ಡಮ್ಮ ಉಪ್ಪಿನಕಾಯಿಯ ಜಾಡಿಯಿಂದ ಹಿಡಿದು ನೀರಿನ ಕೊಳದಪ್ಪಲೆಯ ತನಕ ದರ್ಭೆ ಹಾಕಿ, ಕಿಟಕಿ ಮುಚ್ಚಿ ಜಪಕ್ಕೆ ಕುಳಿತರು. ಮಧ್ಯಾಹ್ನದ ಬಸವನಗುಡಿಯ ರಸ್ತೆಗಳು ಅಷ್ಟು ಬಿಕೋ ಎಂದದ್ದನ್ನು ನಾನು ಮತ್ತೆ ಕಂಡಿಲ್ಲ. ಅಂಗಡಿ ಮುಚ್ಚಿತ್ತು, ಬಸ್ಸು ಖಾಲಿ ಓಡುತ್ತಿತ್ತು.

ಮರುದಿನ ದೊಡ್ಡಪ್ಪ ಹಿಂದಿರುಗಿ ಬಂದು ಎಲ್ಲವನ್ನೂ ವರ್ಣಿಸಿದರು. ಹಕ್ಕಿಗಳು ಗೂಡಿಗೆ ಹೊರಟದ್ದು, ಗಾಳಿ ತಣ್ಣಗಾದದ್ದು, ಹಗಲಲ್ಲಿ ಚುಕ್ಕಿ ಕಂಡದ್ದು. ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನ ಕತ್ತಲೆಯಂತೆ. ಹೇಳುತ್ತ ಹೇಳುತ್ತ ಬಾಯಿ ಜಾರಿ ಒಂದು ಮಾತು ಬಂದುಹೋಯಿತು: "ಒಂದರ್ಧ ನಿಮಿಷ ಮಾತ್ರ, ಇನ್ನು ಬೆಳಕು ಬರದೇ ಹೋದ್ರೆ ಅಂತ ಹೆದರಿಕೆ ಆಯ್ತು." ಮೂವತ್ತು ವರ್ಷ ಗ್ರಹಣದ ಪಾಠ ಮಾಡಿದವರು! ನಿಂಬೆಹಣ್ಣು, ಮೂಸಂಬಿ, ಟಾರ್ಚು ಹಿಡಿದು ಚಂದ್ರನ ನೆರಳನ್ನು ಮಕ್ಕಳಿಗೆ ತೋರಿಸಿದವರು! ದೊಡ್ಡಮ್ಮ ಆ ಅರ್ಧ ನಿಮಿಷವನ್ನು ಎತ್ತಿಟ್ಟುಕೊಂಡರು. ವಾದದಲ್ಲಿ ಕೈಸೋಲುವಂತಾದಾಗೆಲ್ಲ "ಎಲ್ಲಾ ಸರಿ, ಹುಬ್ಬಳ್ಳೀಲಿ ಆ ಅರ್ಧ ನಿಮಿಷ?" ಎಂದು ಕೇಳುತ್ತಿದ್ದರು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ದೊಡ್ಡಪ್ಪನ ಬಳಿಯೂ ಹಾಗೆ ಒಂದು ಮಾತಿತ್ತು. ಅದಕ್ಕೆ ಬರುತ್ತೇನೆ.

ನನ್ನ ಸ್ವಂತ ಭಕ್ತಿಯ ಮಾತು ಹೇಳುವಂಥದಲ್ಲ. ಅದು ಮಳೆಗಾಲದ ಹಳ್ಳ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ದೊಡ್ಡ ಗಣಪತಿಗೆ ಮೂರು ಪ್ರದಕ್ಷಿಣೆ ಹಾಕಿ ಹೋದೆ, ಕನ್ನಡ ಪತ್ರಿಕೆ ಸುಲಭವಾಗಿತ್ತು. ಅಲ್ಲಿಂದ ಮುಂದೆ ದಿನಾ ಮೂರು. ಗಣಿತದ ದಿನ ಒಂಬತ್ತು. ಹದಿನೆಂಟಡಿ ಎತ್ತರದ ಬೆಣ್ಣೆ ಮೆತ್ತಿಸಿಕೊಳ್ಳುವ ಆ ಗಣಪತಿಗೆ ಬೀಜಗಣಿತದ ಬಗ್ಗೆ ಏನು ಅಭಿಪ್ರಾಯವಿತ್ತೋ ತಿಳಿಯದು, ನಾನು ಪಾಸಾದೆ. ಮುಂದೊಮ್ಮೆ ದೊಡ್ಡಪ್ಪ ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1948ರಲ್ಲಿ ಬರೆದ ಪ್ರಯೋಗದ ಕಥೆ ಹೇಳಿದರು. ಹಸಿದ ಎಂಟು ಪಾರಿವಾಳಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ಗೊತ್ತಾದ ಹೊತ್ತಿಗೆ ಕಾಳು ಬೀಳುವಂತೆ ಮಾಡಿದ. ಕೆಲವು ದಿನದಲ್ಲಿ ಅವುಗಳಲ್ಲಿ ಆರು ತಮ್ಮದೇ ಒಂದು ಮಡಿ ಹಿಡಿದುಬಿಟ್ಟವು. ಒಂದು ಗಿರಗಿರನೆ ಸುತ್ತುತ್ತಿತ್ತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ಮತ್ತೆ ಮತ್ತೆ ತಲೆ ಚಾಚುತ್ತಿತ್ತು. ಕಾಳು ಬಿದ್ದಾಗ ತಾನು ಏನು ಮಾಡುತ್ತಿದ್ದೆನೋ ಅದರಿಂದಲೇ ಕಾಳು ಬಿತ್ತೆಂದು ಹಕ್ಕಿಯ ನಂಬಿಕೆ. ಕೇಳುತ್ತ ಕೇಳುತ್ತ ನನ್ನ ಕಾಲು ತಾನಾಗಿ ಪ್ರದಕ್ಷಿಣೆಗೆ ತೊಡಗಿದಂತಾಯಿತು. ದೊಡ್ಡಮ್ಮ ಮಾತ್ರ ಬೇರೆ ಕಡೆಯಿಂದ ನೋಡಿದರು. "ಎಂಟರಲ್ಲಿ ಆರು ಅಂದ್ರಿ. ಉಳಿದೆರಡು ನಿಮ್ಮ ಕಡೆಯವು, ಅಲ್ವೇ? ಅವಕ್ಕೂ ಕಾಳು ಬಿತ್ತು ತಾನೇ?" ದೊಡ್ಡಪ್ಪ ಹೌದೆಂದರು. "ಮತ್ತೆ! ಹಾಕೋನು ಭೇದ ಮಾಡಲಿಲ್ಲ."

1995ರ ಸೆಪ್ಟೆಂಬರ್ 21ರ ಗುರುವಾರವನ್ನು ಯಾರು ಮರೆತಾರು? ಗಣಪತಿ ಹಾಲು ಕುಡಿದ ದಿನ. ಬೆಳಗ್ಗೆ ದೆಹಲಿಯ ಸುದ್ದಿ, ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಸುದ್ದಿ. ನಾನು ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ ಬಂದೆ. ರಜೆಯ ಅರ್ಜಿಗೆ ಕಾರಣ ಏನೆಂದು ಬರೆದೆನೋ ಈಗ ನೆನಪಿಲ್ಲ, ಮ್ಯಾನೇಜರರು ಆಗಲೇ ಗುಡಿಯ ಸಾಲಿನಲ್ಲಿದ್ದರು. ಮನೆಯಲ್ಲಿ ದೊಡ್ಡಮ್ಮ ಪೂಜೆಯ ಗಣಪತಿಯ ಸೊಂಡಿಲಿಗೆ ಚಮಚ ಹಿಡಿದಿದ್ದರು. ಹಾಲು ನಿಜವಾಗಿಯೂ ಇಳಿಯುತ್ತಿತ್ತು. ಪಕ್ಕದಲ್ಲಿ ನಿವೃತ್ತ ಮೇಷ್ಟ್ರು, ವಯಸ್ಸು ಅರವತ್ತೊಂಬತ್ತು, ಕಣ್ಣಲ್ಲಿ ಹದಿನೈದರ ಹೊಳಪು. "ಸರ್ಫೇಸ್ ಟೆನ್ಷನ್ ಕಣೇ! ಮೇಲ್ಮೈ ಎಳೆತ! ಚಮಚದ ಅಂಚಲ್ಲಿರೋ ಹಾಲು ಕಲ್ಲಿಗೆ ತಾಗಿದ ಕೂಡಲೆ ಎಳ್ಕೊಳ್ಳುತ್ತೆ. ಆಮೇಲೆ ತೆಳ್ಳಗೆ ಮೈಮೇಲೆ ಇಳಿದುಹೋಗುತ್ತೆ, ಒದ್ದೆ ಕಲ್ಲಿನ ಮೇಲೆ ನಮಗೆ ಕಾಣ್ಸಲ್ಲ." ಕಾಣಿಸಲೆಂದು ಹಾಲಿಗೆ ಚಿಟಿಕೆ ಅರಿಶಿನ ಬೆರೆಸಿದರು. ಗಣಪತಿಯ ಹೊಟ್ಟೆಯ ಮೇಲೆ ಹಳದಿ ಗೆರೆಯೊಂದು ಇಳಿದು ಪೀಠದಲ್ಲಿ ನಿಂತಿತು. "ನೋಡಿದ್ಯಾ?" "ನೋಡಿದೆ. ಬೆಳಗ್ಗಿಂದ ಊರವರ ಹಾಲೆಲ್ಲ ಕುಡಿದು ನೆಗಡಿ ಆಗಿರುತ್ತೆ. ಅರಿಶಿನದ ಹಾಲು ಒಳ್ಳೇದೇ."

ದೊಡ್ಡಪ್ಪ ಸೋಲುವವರಲ್ಲ. ಹಿತ್ತಿಲಿಗೆ ಹೋಗಿ ರುಬ್ಬುಗುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ಇಟ್ಟರು. ಚಮಚ ಹಿಡಿದರು. ರುಬ್ಬುಗುಂಡೂ ಹಾಲು ಕುಡಿಯಿತು. ಗಣಪತಿಗಿಂತ ಒಂದು ಚಮಚ ಹೆಚ್ಚೇ ಕುಡಿಯಿತು. ಮೇಷ್ಟ್ರು ಗೆದ್ದ ಮುಖ ಮಾಡಿ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ದೊಡ್ಡಮ್ಮ ಎದ್ದು ಹೋಗಿ ಕುಂಕುಮದ ಭರಣಿ ತಂದು ರುಬ್ಬುಗುಂಡಿಗೆ ಒಂದು ಬೊಟ್ಟಿಟ್ಟರು. "ಮೂವತ್ತೈದು ವರ್ಷದಿಂದ ಹೇಳ್ತಿದೀನಿ, ಇದರಲ್ಲೂ ಇದಾನೆ ಅಂತ. ಇವತ್ತು ನೀವೇ ತೋರಿಸಿದ್ರಿ." ಆ ದಿನದ ತೀರ್ಪನ್ನು ನಾನು ಕಾಯ್ದಿರಿಸಿದೆ. ಮೂವರೂ ಉಳಿದ ಹಾಲು ಕುಡಿದೆವು.

ಈಗ ದೊಡ್ಡಪ್ಪನ ಬಳಿಯಿದ್ದ ಆ ಮಾತು. ನನಗೆ ಒಂಬತ್ತು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂತು. ಆಗಿನ್ನೂ ನಾನು ಬೇಸಗೆ ರಜಕ್ಕೆಂದು ಅವರ ಮನೆಗೆ ಬಂದಿದ್ದವನು. ಮೂರು ವಾರ ಆಸ್ಪತ್ರೆ. ದೊಡ್ಡಪ್ಪ ಕ್ಲೋರೊಮೈಸಿಟಿನ್ ಮಾತ್ರೆ ಹುಡುಕಿಕೊಂಡು ಚಿಕ್ಕಪೇಟೆಯಿಂದ ದಂಡಿನ ತನಕ ಸೈಕಲ್ಲು ತುಳಿದರು. ದೊಡ್ಡಮ್ಮ ತಿರುಪತಿ ತಿಮ್ಮಪ್ಪನಿಗೆ ನನ್ನ ತಲೆಗೂದಲು, ಹನ್ನೊಂದು ರೂಪಾಯಿ ಮುಡಿಪು ಹೊತ್ತರು. ನಾನು ಬದುಕಿಕೊಂಡೆ. ನನ್ನ ಕೂದಲು ತಿರುಪತಿಗೆ ಹೋಯಿತು, ಮಾತ್ರೆಯ ರಸೀತಿ ದೊಡ್ಡಪ್ಪನ ಡೈರಿಗೆ ಹೋಯಿತು. ಆಮೇಲೆ ಜೀವಮಾನವೆಲ್ಲ ನನ್ನ ಪ್ರಾಣಕ್ಕೆ ಇಬ್ಬರು ಹಕ್ಕುದಾರರು. ಅವರ ವಾದದ ನಡುವೆ ಕೂತಿರುತ್ತಿದ್ದ ನ್ಯಾಯಾಧೀಶನೇ ಆ ಮೊಕದ್ದಮೆಯ ಮುಖ್ಯ ಸಾಕ್ಷಿ, ಅವನೇ ತಕರಾರಿನ ಆಸ್ತಿ. ಒಂದೇ ಮಗು, ಒಂದೇ ಜ್ವರ, ಒಂದೇ ಬೆಳಗ್ಗೆ ಇಳಿದ ಬಿಸಿ. ಕೈಯಿಟ್ಟು ನೋಡಿದ ಇಬ್ಬರಿಗೂ ಅದರಿಂದ ತಂತಮ್ಮ ಪಕ್ಷ ಗಟ್ಟಿಯಾಯಿತು.

ನನ್ನ ಪಕ್ಕದ ಮಂಚದಲ್ಲಿ ಮಾಗಡಿ ಕಡೆಯ ಹುಡುಗನೊಬ್ಬ ಇದ್ದ. ಅದೇ ಜ್ವರ, ಅದೇ ಮಾತ್ರೆ. ಅವನ ತಾಯಿಯೂ ದೊಡ್ಡಮ್ಮನೂ ಒಂದೇ ಒಲೆಯಲ್ಲಿ ಗಂಜಿ ಕಾಯಿಸಿಕೊಳ್ಳುತ್ತಿದ್ದರಂತೆ. ಒಂದು ಬೆಳಗ್ಗೆ ನಾನು ಎದ್ದಾಗ ಆ ಮಂಚದ ಹಾಸಿಗೆ ಸುತ್ತಿಟ್ಟಿತ್ತು. ನನಗೆ ನೆನಪಿರುವುದು ಅಷ್ಟೇ.

ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಎಲ್ಲ ಬಾಣ ಮುಗಿದು ಸಿಟ್ಟು ಬಂದಾಗ, ದೊಡ್ಡಪ್ಪ ಎರಡೇ ಮಾತು ಹೇಳುತ್ತಿದ್ದರು: "ಪಕ್ಕದ ಮಂಚ." ದೊಡ್ಡಮ್ಮ ಅದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕಾಣೆ. ಹೊಸೆದ ಬತ್ತಿಗಳನ್ನು ಡಬ್ಬಿಗೆ ತುಂಬಿ, ತೀರ್ಪಿಗೂ ಕಾಯದೆ ಎದ್ದುಹೋಗಿ ಕಾಫಿಗೆ ನೀರಿಡುತ್ತಿದ್ದರು. ಗೆದ್ದ ಮೇಲೂ ದೊಡ್ಡಪ್ಪನ ಮುಖದಲ್ಲಿ ಗೆಲುವು ಇರುತ್ತಿರಲಿಲ್ಲ. ಆ ದಿನ ಕಾಫಿ ಚೆನ್ನಾಗಿದ್ದರೂ ಯಾರೂ ಎರಡನೆಯ ಲೋಟ ಕೇಳುತ್ತಿರಲಿಲ್ಲ.

ದೊಡ್ಡಮ್ಮ ಹೋದದ್ದು 2003ರಲ್ಲಿ. ಮೊದಲ ಕೆಲವು ತಿಂಗಳು ದೊಡ್ಡಪ್ಪ ಮಾತೇ ಕಡಿಮೆ ಮಾಡಿದರು. ಅಡುಗೆಗೆ ಒಬ್ಬಾಕೆ ಬರುತ್ತಿದ್ದರು, ಬೆಳಗ್ಗೆ ಮಾತ್ರ. ನಾನು ಭಾನುವಾರ ಹೋಗಿ ಕೂರುತ್ತಿದ್ದೆ. ಒಂದು ಭಾನುವಾರ ಎರಡೂವರೆ ಗಂಟೆಗೆ ಅವರು ನಿದ್ದೆಯಿಂದೆದ್ದು ಬಂದು, ತುಸು ಸಂಕೋಚದಿಂದ, "ನೋಡೋ, ನೀನು ಸ್ವಲ್ಪ ಹೊತ್ತು ದೇವರಿದಾನೆ ಅಂತ ಮಾತಾಡು" ಎಂದರು. ನಾನು ಮಾತಾಡಿದೆ. ಬ್ಯಾಂಕಿನವನ ಆಸ್ತಿಕ್ಯ, ಹೇಗಿರುತ್ತದೆ ಹೇಳಿ! ಗಡಿಯಾರವಿದ್ದ ಮೇಲೆ ಗಡಿಯಾರ ಮಾಡಿದವನಿರಬೇಕು ಎಂದೆ. ದೊಡ್ಡಪ್ಪ ಬೇಸರದಿಂದ ತಲೆಯಾಡಿಸಿದರು. "ಅವಳಾಗಿದ್ರೆ ಹಾಗನ್ನಲ್ಲ. ಗಡಿಯಾರ ಕೆಟ್ಟಾಗ ಯಾರನ್ನ ಬೈಬೇಕು, ಅದನ್ನ ಹೇಳಿ ಅನ್ನೋಳು." ಇನ್ನೊಂದು ವಾರ ಕರ್ಮಸಿದ್ಧಾಂತ ತಂದೆ. "ಅದನ್ನ ಅವಳು ಮುಟ್ಟಲೇ ಇಲ್ಲ ಕಣೋ. ಹಿಂದಿನ ಜನ್ಮದ ಸಾಲಕ್ಕೆ ಈ ಜನ್ಮದಲ್ಲಿ ಜಪ್ತಿ ಮಾಡೋನು ದೇವರೇನು, ಅಮೀನ, ಅಂತಿದ್ದಳು." ಹೀಗೆ ಭಾನುವಾರ ಭಾನುವಾರ ಆ ನಾಸ್ತಿಕರು ನನ್ನ ಬಾಯಲ್ಲಿ ಸೊರಗುತ್ತಿದ್ದ ದೇವರಿಗೆ ಊರುಗೋಲು ಕೊಟ್ಟು ನಿಲ್ಲಿಸುತ್ತ ಬಂದರು. ಸಾವಿರ ವರ್ಷದ ಹಿಂದಿನ ಮಾತು, ಮಿಥಿಲೆಯ ಉದಯನಾಚಾರ್ಯ ನ್ಯಾಯಕುಸುಮಾಂಜಲಿ ಬರೆದು ದೇವರಿದ್ದಾನೆಂದು ತರ್ಕದಿಂದ ಸಾಧಿಸಿದವನು. ಅವನು ಪುರಿಗೆ ಹೋದಾಗ ಗುಡಿಯ ಬಾಗಿಲು ಮುಚ್ಚಿತ್ತಂತೆ. ಸಿಟ್ಟು ಬಂದು, ನಿನಗೀಗ ಐಶ್ವರ್ಯದ ಮದ, ನಾಳೆ ಬೌದ್ಧರು ಬಂದಾಗ ನೀನು ಇದ್ದೀಯೆಂದು ಹೇಳಬೇಕಾದವನು ನಾನೇ ಎಂದು ಜಗನ್ನಾಥನನ್ನೇ ದಬಾಯಿಸಿದನೆಂದು ಐತಿಹ್ಯ. ಪುರಿಯ ಸ್ವಾಮಿಗಾದರೂ ಆಸ್ತಿಕ ವಕೀಲ ಸಿಕ್ಕಿದ್ದ.

ಮರುವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸಬೇಕಾಗಿ ಬಂದು ದೇವರ ಗೂಡನ್ನು ಖಾಲಿ ಮಾಡಿದೆವು. ಕೆಳಗಿನ ಖಾನೆಯಲ್ಲಿ, ಹಳೆಯ ಪಂಚಾಂಗಗಳ ಹಿಂದೆ, ಅರಿಶಿನದ ಬಟ್ಟೆಯ ಒಂದು ಗಂಟು ಸಿಕ್ಕಿತು. ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ನನ್ನ ಮುಡಿಪಂತೂ ಎಂದೋ ತಿರುಪತಿ ಸೇರಿತ್ತು. ದೊಡ್ಡಪ್ಪ ಬಿಚ್ಚಿದರು. ಒಳಗೆ ಹಳೇ ಕಾಲದ ನಾಣ್ಯಗಳು, ಎಣಿಸಿದರೆ ಹನ್ನೊಂದು ರೂಪಾಯಿ. ಜೊತೆಗೆ ಹಾಲಿನ ಲೆಕ್ಕದ ಪುಸ್ತಕದಿಂದ ಹರಿದ ಒಂದು ಚೂರು ಕಾಗದ. ದೊಡ್ಡಮ್ಮನ ದುಂಡು ಅಕ್ಷರ:

ಪಕ್ಕದ ಮಂಚದ್ದು. ಕೆಲಸ ಆಗಿಲ್ಲ. ಕೊಡಕೂಡದು.

ದೊಡ್ಡಪ್ಪ ಅದನ್ನು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಓದಿದರು. ಬಹಳ ಹೊತ್ತು ಸುಣ್ಣದ ವಾಸನೆಯ ಆ ಕೋಣೆಯಲ್ಲಿ ನಾವಿಬ್ಬರೂ ಸುಮ್ಮನೆ ಕೂತಿದ್ದೆವು.

"ಆಮೇಲೆ ಐದಾರು ಸಲ ಹೋಗಿಬಂದಳಲ್ಲೋ ತಿರುಪತಿಗೆ" ಎಂದರು ಕೊನೆಗೆ. "ಪ್ರತಿ ಸಲವೂ ಹುಂಡಿ ಮುಂದೆ ನಿಂತು, ಇದನ್ನ ಕೊಡದೆ ವಾಪಸ್ಸು ಬಂದಳೇ?" ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನಾನು ಆ ಮಂಚ ನೋಡಿದೆ, ಇಲ್ಲ ಅಂದೆ, ಮನೆಗೆ ಬಂದೆ. ಇವಳು ಮೂವತ್ತೈದು ವರ್ಷ ಅವನ ಹತ್ರ ಬಾಕಿ ಹಿಡಿದು ಕೂತಿದ್ದಾಳೆ. ಒಂದು ದಿನ ಬಾಯಿಬಿಡಲಿಲ್ಲವಲ್ಲೋ. ಈ ವಾದ ನನ್ನ ಮುಂದೆ ಇಡಲೇ ಇಲ್ಲ."

ಇದನ್ನು ಏನು ಮಾಡೋಣ ಎಂದು ಕೇಳಿದೆ. ತಿರುಪತಿಗೆ ಹೋಗುವವರ ಕೈಲಿ ಕಳಿಸಬಹುದು ಎಂದೆ.

"ಓದು ಬರಲ್ವೇನೋ ನಿಂಗೆ? ಕೊಡಕೂಡದು ಅಂತ ಬರೆದಿದಾಳೆ."

ಗಂಟನ್ನು ಮೊದಲಿನಂತೆಯೇ ಕಟ್ಟಿ, ಕಾಗದ ಒಳಗಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿ, ಪಂಚಾಂಗಗಳ ಹಿಂದೆ ಇಡಲು ಜಾಗ ಮಾಡಿಕೊಂಡರು. ನಡುಮನೆಯ ಗಡಿಯಾರ ಮೂರು ಹೊಡೆಯಿತು. ದೊಡ್ಡಪ್ಪ ಮಂಡಿಗೆ ಕೈಯೂರಿ ಎದ್ದರು. ನಾನಿನ್ನೂ ತೀರ್ಪು ಹೇಳಿರಲಿಲ್ಲ. ಅಡುಗೆಮನೆಯಿಂದ ಫಿಲ್ಟರಿನ ತಲೆ ತಟ್ಟುವ ಸದ್ದು ಕೇಳಿಸಿತು.

ಕಾಫಿ ಎಂದಿನಂತೆ ನೀರಾಗಿತ್ತು. ನಾನು ಎರಡು ಲೋಟ ಕುಡಿದೆ.